ಸಿಂಗರಾರ್ಯ: ಅರಮನೆಯ ದಾಂಪತ್ಯ ಮತ್ತು ಕನ್ನಡದ ಮೊದಲ ನಾಟಕ

ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ನಾಟಕ 'ಮಿತ್ರವಿಂದಾಗೋವಿಂದ'. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯ ಇದರ ಕರ್ತೃ. ಸಾಹಿತ್ಯ ಚರಿತ್ರೆಗಳಲ್ಲಿ ಅವನಿಗೆ ಸಂದಿರುವುದು ಕೆಲವೇ ಸಾಲುಗಳು. ಮೊದಲ ನಾಟಕಕಾರನೆಂಬ ಗೌರವ ಒಂದು ವಾಕ್ಯದಲ್ಲಿ ಬಂದರೆ, ಕೃತಿ ಶ್ರೀಹರ್ಷನ 'ರತ್ನಾವಳಿ'ಯ ರೂಪಾಂತರವೆಂಬ ಮಾತು ಮುಂದಿನ ವಾಕ್ಯದಲ್ಲಿ ಬಂದು ಆ ಗೌರವವನ್ನು ಅರ್ಧಕ್ಕೆ ಇಳಿಸುತ್ತದೆ. ಚರ್ಚೆ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಕನ್ನಡದ ಮೊದಲ ನಾಟಕ ಯಾವ ವಸ್ತುವನ್ನು ಆಯ್ದುಕೊಂಡಿತು ಎಂಬ ಪ್ರಶ್ನೆ ಹಿಂದೆಯೇ ಉಳಿದುಹೋಗಿದೆ. ಪಂಪ ರನ್ನರ ವೀರವಾಗಲಿ, ಹರಿಹರನ ಭಕ್ತಿಯಾಗಲಿ ಈ ನಾಟಕದ ವಸ್ತುವಲ್ಲ. ಮದುವೆಯಾದ ಗಂಡನೊಬ್ಬನ ಮನಸ್ಸು ಮನೆಯಲ್ಲೇ ಇರುವ ಇನ್ನೊಬ್ಬಳ ಮೇಲೆ ಹೋಗುವುದು, ಅದನ್ನು ಅವನು ಮುಚ್ಚಿಡಲು ಯತ್ನಿಸಿ ಸಿಕ್ಕಿಬೀಳುವುದು, ಹೆಂಡತಿ ಮುನಿಯುವುದು, ಕೊನೆಗೆ ಅವಳೇ ಒಪ್ಪಿಗೆ ಕೊಡುವುದು, ಇದು ಇಲ್ಲಿನ ಕತೆ. ಸಿಂಗರಾರ್ಯನ ಜೀವನವನ್ನು ಈ ವಸ್ತುವಿನೊಂದಿಗೆ ಇಟ್ಟು ನೋಡಿದಾಗ, ಅವನ ಹೆಸರಿನೊಂದಿಗೆ ಸಾಹಿತ್ಯ ಚರಿತ್ರೆಯಲ್ಲಿ ಸೇರಿಕೊಂಡಿರುವ ಮತ್ತೊಂದು ಕೃತಿ, ಸಂಚಿಯ ಹೊನ್ನಮ್ಮನ 'ಹದಿಬದೆಯ ಧರ್ಮ', ಹೊಸ ಬೆಳಕಿನಲ್ಲಿ ಕಾಣಿಸುತ್ತದೆ.

ಸಿಂಗರಾರ್ಯ ಶ್ರೀವೈಷ್ಣವ ವಿದ್ವಾಂಸರ ಮನೆತನದವನು. ತಂದೆ ಅಳಸಿಂಗರಾರ್ಯ ಮೈಸೂರು ಅರಮನೆಯಲ್ಲಿ ಪೌರಾಣಿಕನಾಗಿದ್ದವನು. ಅಣ್ಣ ತಿರುಮಲಾರ್ಯ ಕನ್ನಡ ಸಾಹಿತ್ಯದಲ್ಲಿಯೂ ಮೈಸೂರಿನ ರಾಜಕೀಯ ಇತಿಹಾಸದಲ್ಲಿಯೂ ದೊಡ್ಡ ಹೆಸರು. ತಿರುಮಲಾರ್ಯನೂ ಚಿಕ್ಕದೇವರಾಜನೂ ಓರಗೆಯವರು. ಇಬ್ಬರ ಜನ್ಮವರ್ಷವೂ 1645. ಅರಸುಮಗನೂ ಪೌರಾಣಿಕನ ಮಗನೂ ಒಟ್ಟಿಗೆ ಓದಿ ಬೆಳೆದವರು ಎಂಬುದು ಆ ಕಾಲದ ಆಸ್ಥಾನ ಸಾಹಿತ್ಯದಿಂದಲೇ ತಿಳಿಯುತ್ತದೆ. ಸಿಂಗರಾರ್ಯ ಬೆಳೆದದ್ದು ಈ ಸ್ನೇಹದ ನೆರಳಿನಲ್ಲಿ. ಪುರಾಣ ಪ್ರವಚನದ ಮನೆಯಲ್ಲಿ ಸಂಸ್ಕೃತ ಕಾವ್ಯನಾಟಕಗಳ ಪರಿಚಯ ಸಹಜವಾಗಿಯೇ ಆಗಿರಬೇಕು. ಆದರೆ ಪೌರಾಣಿಕನ ಮಗನಾದವನು ನಾಟಕ ಬರೆಯಲು ಕುಳಿತಾಗ ಪುರಾಣದಿಂದ ನೇರವಾಗಿ ಕತೆಯನ್ನು ಎತ್ತಿಕೊಳ್ಳದೆ, ಕ್ರಿ.ಶ. 606ರಿಂದ 647ರವರೆಗೆ ಆಳಿದ ಕನೋಜಿನ ದೊರೆಯ ಲೌಕಿಕ ನಾಟಕವೊಂದನ್ನು ಎತ್ತಿಕೊಂಡು ಅದಕ್ಕೆ ಪುರಾಣದ ಹೆಸರುಗಳನ್ನು ತೊಡಿಸಿದ್ದು ಅಷ್ಟು ಸಹಜವಾದ ಆಯ್ಕೆಯೇನಲ್ಲ.

ಚಿಕ್ಕದೇವರಾಜ 1673ರಲ್ಲಿ ಪಟ್ಟಕ್ಕೆ ಬಂದನು. 1704ರವರೆಗಿನ ಅವನ ಆಳಿಕೆ ಮೈಸೂರು ಒಂದು ಪಾಳೆಯಪಟ್ಟಿನ ಸ್ಥಿತಿಯಿಂದ ರಾಜ್ಯವಾಗಿ ಗಟ್ಟಿಗೊಂಡ ಕಾಲ. ಅಠಾರ ಕಚೇರಿಯೆಂಬ ಹದಿನೆಂಟು ಇಲಾಖೆಗಳ ಆಡಳಿತ, 1687ರಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನನಿಂದ ಮೂರು ಲಕ್ಷಕ್ಕೆ ಬೆಂಗಳೂರನ್ನು ಕೊಂಡದ್ದು, ಬಿಗಿಯಾದ ಕಂದಾಯ ವ್ಯವಸ್ಥೆ, ಅದಕ್ಕೆ ಎದುರಾದ ರೈತರ ಮತ್ತು ಜಂಗಮರ ಪ್ರತಿಭಟನೆ, ಆ ಪ್ರತಿಭಟನೆಯನ್ನು ಅಡಗಿಸಿದ ಕ್ರೌರ್ಯ, ಇವೆಲ್ಲ ಆ ಮೂರು ದಶಕಗಳಿಗೆ ಸೇರಿದವು. 1686ರಲ್ಲಿ ಪ್ರಧಾನಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಸಾಯುವ ಮುನ್ನ ಆ ಜೈನ ಪಂಡಿತನು ತನ್ನ ಸ್ಥಾನಕ್ಕೆ ತಿರುಮಲಾರ್ಯನ ಹೆಸರನ್ನೇ ಸೂಚಿಸಿದನೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ಸಿಂಗರಾರ್ಯನ ಮನೆ ಹೀಗೆ ಪ್ರಧಾನಿಯ ಮನೆಯಾಯಿತು. ಅರಸನ ಆಸ್ಥಾನವೂ ಕ್ರಮೇಣ ಶ್ರೀವೈಷ್ಣವದ ಕಡೆಗೆ ವಾಲಿತು. ತಿರುಮಲಾರ್ಯನ 'ಚಿಕದೇವರಾಜ ವಿಜಯ', 'ಚಿಕದೇವರಾಜ ವಂಶಾವಳಿ', 'ಅಪ್ರತಿಮವೀರ ಚರಿತೆ'ಗಳು ಈ ಆಸ್ಥಾನದ ಆತ್ಮಚಿತ್ರಗಳೆನ್ನಬೇಕು. ಅಲಂಕಾರಶಾಸ್ತ್ರವನ್ನು ಹೇಳುವ ಕೃತಿಯಲ್ಲಿಯೂ ಉದಾಹರಣೆಯ ಪದ್ಯಗಳೆಲ್ಲ ಒಡೆಯನ ಹೊಗಳಿಕೆಗೇ ಮೀಸಲಾಗಿವೆ. ಚಿಕುಪಾಧ್ಯಾಯನ ವಿಪುಲ ರಚನೆಗಳೂ ಇದೇ ವಾತಾವರಣದವು. ಎಲ್ಲರೂ ಅರಸನನ್ನು ಕುರಿತು, ಇಲ್ಲವೇ ಅರಸನ ದೈವವನ್ನು ಕುರಿತು ಬರೆಯುತ್ತಿದ್ದ ಈ ಸಭೆಯಲ್ಲಿ ಒಬ್ಬನಿಗೆ ನಗೆಯ ನಾಟಕ ಬೇಕೆನಿಸಿತು.

ಕನ್ನಡದಲ್ಲಿ ಅದಕ್ಕೆ ಮೊದಲು ನಾಟಕವೇಕೆ ಹುಟ್ಟಲಿಲ್ಲ ಎಂಬುದು ಹಳೆಯ ಚರ್ಚೆ. ರನ್ನನ 'ಗದಾಯುದ್ಧ'ದಲ್ಲಿ ನಾಟಕೀಯತೆ ಎಷ್ಟು ಢಾಳಾಗಿದೆಯೆಂದರೆ, ಬಿ.ಎಂ. ಶ್ರೀಕಂಠಯ್ಯನವರು ಅದರಿಂದಲೇ 'ಗದಾಯುದ್ಧ ನಾಟಕಂ' ಒಂದನ್ನು ಕಡೆದು ತೆಗೆದರು. ಸಾಮರ್ಥ್ಯದ ಕೊರತೆ ಕಾರಣವಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು. ಚಂಪುವಿಗೆ, ರಗಳೆಗೆ, ಷಟ್ಪದಿಗೆ, ಸಾಂಗತ್ಯಕ್ಕೆ ಆಶ್ರಯವೂ ಕೇಳುಗರೂ ಇದ್ದರು. ಓದುವ ನಾಟಕಕ್ಕೆ ಸಂಸ್ಕೃತವಿತ್ತು. ಆಡುವ ನಾಟಕಕ್ಕೆ ಬಯಲಾಟಗಳಿದ್ದವು. ಇವೆರಡರ ನಡುವಿನ ಜಾಗ ಖಾಲಿಯಿತ್ತು. ಸಿಂಗರಾರ್ಯ ಕಾಲಿಟ್ಟದ್ದು ಅಲ್ಲಿಗೆ. ಅವನ ಹಿಂದೆ ಕನ್ನಡ ನಾಟಕದ ಪರಂಪರೆಯೆಂಬುದು ಇರಲಿಲ್ಲ, ಮುಂದೆಯೂ ಸುಮಾರು ಎರಡು ಶತಮಾನ ಯಾರೂ ಆ ದಾರಿ ಹಿಡಿಯಲಿಲ್ಲ.

ಅವನು ಆಯ್ದುಕೊಂಡ ಮಾದರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 'ರತ್ನಾವಳಿ' ನಾಟಿಕೆಯೆಂಬ ಉಪರೂಪಕ. ನಾಲ್ಕು ಅಂಕ, ಶೃಂಗಾರವೇ ಪ್ರಧಾನ, ಸ್ತ್ರೀಪಾತ್ರಗಳ ಬಾಹುಳ್ಯ, ಧೀರಲಲಿತ ನಾಯಕ, ಅವನಿಗೆ ಹಿರಿಯ ರಾಣಿಯೊಬ್ಬಳು, ಅಂತಃಪುರದ ಸಂಬಂಧದಿಂದಲೇ ಎದುರಾಗುವ ಹೊಸ ಕನ್ನಿಕೆಯೊಬ್ಬಳು ಎಂದು ಲಾಕ್ಷಣಿಕರು ಅದರ ಚೌಕಟ್ಟನ್ನು ಹೇಳುತ್ತಾರೆ. ನಾಯಕನು ಹಿರಿಯ ರಾಣಿಗೆ ಅಂಜುತ್ತಲೇ ಹೊಸ ಪ್ರೇಮದಲ್ಲಿ ನಡೆಯಬೇಕು, ಕೊನೆಯ ಸಮಾಗಮವೂ ರಾಣಿಯ ಕೈಯಲ್ಲೇ ಇರಬೇಕು ಎಂಬ ನಿಯಮವೂ ಅದರಲ್ಲಿ ಸೇರಿದೆ. ಹೆಂಡತಿಯ ಭಯವನ್ನೇ ಪ್ರಕಾರದ ಲಕ್ಷಣವಾಗಿ ಶಾಸ್ತ್ರಕಾರರು ಬರೆದಿಟ್ಟಿರುವುದು ಕುತೂಹಲಕರ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿಯೇ ಈ ಎಳೆಯಿದ್ದರೂ ಹರ್ಷ ಅದನ್ನು ಗಡಿಯಾರದ ಯಂತ್ರದಷ್ಟು ಬಿಗಿಯಾಗಿ ಜೋಡಿಸಿದನು.

ಕೌಶಾಂಬಿಯ ವತ್ಸರಾಜ ಉದಯನನಿಗೆ ವಾಸವದತ್ತೆ ಪ್ರೀತಿಯ ಮಡದಿ. ಸಿಂಹಳದ ರಾಜಕುಮಾರಿ ರತ್ನಾವಳಿಯ ಕೈಹಿಡಿದವನು ಸಾರ್ವಭೌಮನಾಗುತ್ತಾನೆಂಬ ಸಿದ್ಧಪುರುಷನ ಮಾತನ್ನು ಕೇಳಿದ ಮಂತ್ರಿ ಯೌಗಂಧರಾಯಣ, ವಾಸವದತ್ತೆ ಲಾವಾಣಕದ ಬೆಂಕಿಯಲ್ಲಿ ಸತ್ತಳೆಂಬ ಸುದ್ದಿಯನ್ನು ಹಬ್ಬಿಸಿ ಆ ಸಂಬಂಧವನ್ನು ಕುದುರಿಸುತ್ತಾನೆ. ಹಡಗು ಒಡೆದು, ಹಲಗೆಯೊಂದನ್ನು ಹಿಡಿದು ಬದುಕಿ ಉಳಿದ ರತ್ನಾವಳಿ ಸಾಗರಿಕೆಯೆಂಬ ಹೆಸರಿನಲ್ಲಿ ವಾಸವದತ್ತೆಯ ಪರಿವಾರವನ್ನೇ ಸೇರುತ್ತಾಳೆ. ಗಂಡನ ಕಣ್ಣಿಗೆ ಈ ಹುಡುಗಿ ಬೀಳಬಾರದೆಂದು ರಾಣಿ ಮೊದಲಿನಿಂದಲೂ ಎಚ್ಚರ ವಹಿಸುತ್ತಾಳೆ. ಎಚ್ಚರಿಕೆಯಿಂದ ಆಗುವುದು ಅನಾಹುತವೇ. ಸಾಗರಿಕೆ ಬರೆದ ಅರಸನ ಚಿತ್ರ, ಅದರ ಪಕ್ಕದಲ್ಲಿ ಗೆಳತಿ ಸುಸಂಗತೆ ಬರೆದ ಸಾಗರಿಕೆಯ ಚಿತ್ರ, ಗೆಳತಿಯರ ಗುಟ್ಟಿನ ಮಾತನ್ನು ಒಪ್ಪಿಸುವ ಸಾರಿಕೆ ಹಕ್ಕಿ, ಕಟ್ಟು ಕಿತ್ತುಕೊಂಡ ಕಪಿ, ಇವುಗಳಿಂದ ಗುಟ್ಟು ಬಯಲಾಗುತ್ತದೆ. ಚಿತ್ರಫಲಕವನ್ನು ಕಂಡ ವಾಸವದತ್ತೆ ಕೂಗಾಡುವುದಿಲ್ಲ. ತಲೆನೋವೆಂದು ಹೇಳಿ ಎದ್ದುಹೋಗುತ್ತಾಳೆ. ದಾಂಪತ್ಯದ ಅಸಮಾಧಾನವನ್ನು ರಂಗದ ಮೇಲೆ ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಸಂದರ್ಭಗಳು ಸಂಸ್ಕೃತ ನಾಟಕದಲ್ಲಿ ವಿರಳ.

ಮೂರನೆಯ ಅಂಕ ಪ್ರಹಸನದ ಅಂಚಿಗೆ ಬಂದು ನಿಲ್ಲುತ್ತದೆ. ಸಾಗರಿಕೆ ರಾಣಿಯ ವೇಷ ತೊಟ್ಟು ಸಂಕೇತಸ್ಥಳಕ್ಕೆ ಬರಬೇಕೆಂದು ವಿದೂಷಕ ವಸಂತಕನೂ ಸುಸಂಗತೆಯೂ ಸಂಚು ಹೂಡುತ್ತಾರೆ. ಸುದ್ದಿ ತಿಳಿದ ರಾಣಿ ತಾನೇ ಅಲ್ಲಿಗೆ ಬರುತ್ತಾಳೆ. ಅರಸನು ಹೆಂಡತಿಯ ಎದುರಿನಲ್ಲಿ, ಅವಳನ್ನು ಹೆಂಡತಿಯ ವೇಷದ ಪ್ರೇಯಸಿಯೆಂದು ತಿಳಿದು, ಪ್ರೇಮವನ್ನು ನಿವೇದಿಸುತ್ತಾನೆ. ಮುಸುಕು ಸರಿದ ಮೇಲೆ ಕಾಲಿಗೆ ಬೀಳುತ್ತಾನೆ. ರಾಣಿ ಹೊರಟುಹೋಗುತ್ತಾಳೆ. ಹೋದವಳಿಗೆ ಕಾಲಿಗೆ ಬಿದ್ದ ಗಂಡನನ್ನು ಹಾಗೆಯೇ ಬಿಟ್ಟು ಬಂದುದಕ್ಕೆ ಮನಸ್ಸು ಕರಗಿ, ರಾಜಿಯಾಗಲೆಂದು ಮರಳಿ ಬರುತ್ತಾಳೆ. ಅಷ್ಟರಲ್ಲಿ ಬಳ್ಳಿಯನ್ನು ಕೊರಳಿಗೆ ಬಿಗಿದುಕೊಂಡ ಸಾಗರಿಕೆಯನ್ನು, ಅವಳು ರಾಣಿಯೆಂದೇ ಭ್ರಮಿಸಿ ಬಿಡಿಸಲು ಹೋದ ಅರಸ, ಅವಳು ಯಾರೆಂದು ತಿಳಿದು ಸಂತೋಷಪಡುತ್ತಿರುತ್ತಾನೆ. ಅದು ರಾಣಿಯ ಕಿವಿಗೆ ಬೀಳುತ್ತದೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ವಾಸವದತ್ತೆ ಇಲ್ಲಿ ಒಂದೇ ಸಂಜೆಯೊಳಗೆ ಖಂಡಿತೆಯೂ ಹೌದು, ಕಲಹಾಂತರಿತೆಯೂ ಹೌದು. ಕ್ಷಮಿಸಲು ಬಂದ ಕ್ಷಣದಲ್ಲೇ ಎರಡನೆಯ ಸಲ ಮೋಸಹೋಗುವ ಈ ಹೆಣ್ಣಿನ ಸ್ಥಿತಿ ನಗೆಯ ನಾಟಕದೊಳಗಿನ ನಿಜವಾದ ನೋವು. ಅವಳು ಸಾಗರಿಕೆಯನ್ನೂ ವಿದೂಷಕನನ್ನೂ ಕಟ್ಟಿಸಿ ಒಯ್ಯುತ್ತಾಳೆ. ಕೊನೆಯ ಅಂಕದ ಐಂದ್ರಜಾಲಿಕ, ಮಾಯೆಯ ಬೆಂಕಿ, ರತ್ನಮಾಲೆಯ ಗುರುತು, ಸಾಗರಿಕೆ ತನ್ನ ಸೋದರಮಾವನ ಮಗಳೇ ಎಂಬ ಅರಿವು, ಇವೆಲ್ಲ ಆ ನೋವನ್ನು ಮುಚ್ಚಿ ಮಂಗಳಕ್ಕೆ ದಾರಿ ಮಾಡುತ್ತವೆ. ರಾಣಿಯೇ ಅವಳ ಕೈಹಿಡಿದು ಅರಸನಿಗೆ ಒಪ್ಪಿಸುತ್ತಾಳೆ.

ಸಿಂಗರಾರ್ಯ ಈ ಎಲುಬುಗೂಡನ್ನು ಉಳಿಸಿಕೊಂಡು ಉದಯನನ ಜಾಗಕ್ಕೆ ಕೃಷ್ಣನನ್ನೂ ವಾಸವದತ್ತೆಯ ಜಾಗಕ್ಕೆ ರುಕ್ಮಿಣಿಯನ್ನೂ ರತ್ನಾವಳಿಯ ಜಾಗಕ್ಕೆ ಮಿತ್ರವಿಂದೆಯನ್ನೂ ತಂದನು. ಭಾಗವತದ ದಶಮಸ್ಕಂಧದಲ್ಲಿ ಮಿತ್ರವಿಂದೆಯ ಕತೆ ಬಹಳ ಚಿಕ್ಕದು. ಅವಂತಿಯ ವಿಂದ ಅನುವಿಂದರು ದುರ್ಯೋಧನನ ಪಕ್ಷದವರು. ತಂಗಿಯ ಒಲವು ಕೃಷ್ಣನ ಮೇಲಿದ್ದರೂ ತಡೆಯುತ್ತಾರೆ. ರಾಜರೆಲ್ಲ ನೋಡುತ್ತಿರುವಂತೆಯೇ ಕೃಷ್ಣ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವಳು ಕೃಷ್ಣನ ಸೋದರತ್ತೆ ರಾಜಾಧಿದೇವಿಯ ಮಗಳು. ಅಷ್ಟಮಹಿಷಿಯರಲ್ಲಿ ಒಬ್ಬಳಾಗಿ ಎಣಿಕೆಗೆ ಸಿಗುತ್ತಾಳೆಯೇ ಹೊರತು ಬೇರೆ ಚರಿತ್ರೆಯಿಲ್ಲ. ಪುರಾಣದ ಆ ಪ್ರಸಂಗದಲ್ಲಿ ರುಕ್ಮಿಣಿಯ ಮುನಿಸಿಗೆ ಎಡೆಯೇ ಇಲ್ಲ. ಗುಟ್ಟು, ಅಸೂಯೆ, ಅರಮನೆಯ ಹೆಂಗಸರ ಪಿಸುಮಾತು, ಇವೆಲ್ಲ ಹರ್ಷನ ಮನೆಯಿಂದ ದ್ವಾರಕೆಗೆ ಬಂದ ಸಾಮಾನು. ಪುರಾಣ ಮೌನವಾಗಿದ್ದ ಕಡೆ ಲೌಕಿಕ ನಾಟಕದಿಂದ ದನಿ ತಂದು ತುಂಬಿದ ಈ ಕೆಲಸವನ್ನು ಕೇವಲ ಅನುವಾದವೆನ್ನುವುದು ಸಿಂಗರಾರ್ಯನಿಗೆ ಮಾಡುವ ಅನ್ಯಾಯ.

ಹಾಗೆಂದು ಈ ಬದಲಾವಣೆಯಿಂದ ನಾಟಕ ಕಳೆದುಕೊಂಡದ್ದನ್ನೂ ಮರೆಯುವಂತಿಲ್ಲ. ಉದಯನ ಮನುಷ್ಯ. ಹೆಂಡತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಅವನು ನಗೆಗೀಡಾಗಬಲ್ಲ, ತಪ್ಪಿತಸ್ಥನೂ ಆಗಬಲ್ಲ. ಹಿರಿಯ ಹೆಂಡತಿಯ ಮೇಲಿನ ದಾಕ್ಷಿಣ್ಯ ಬಿಡದೆ ಹೊಸ ಪ್ರೀತಿಯನ್ನೂ ಬಿಡದೆ ತೊಳಲುವ ದಕ್ಷಿಣನಾಯಕ, ಎಲ್ಲಿ ಹೆಜ್ಜೆ ತಪ್ಪಿ ಶಠನಾಯಕನಾಗಿಬಿಡುತ್ತಾನೋ ಎಂಬ ಅನುಮಾನವೇ 'ರತ್ನಾವಳಿ'ಯ ರುಚಿ. ಆ ಜಾಗಕ್ಕೆ ಭಗವಂತ ಬಂದು ನಿಂತ ಮೇಲೆ ತಪ್ಪೆಂಬ ಪ್ರಶ್ನೆ ಉಳಿಯುವುದಿಲ್ಲ. ಶ್ರೀವೈಷ್ಣವ ಕವಿಗೆ ಕೃಷ್ಣನ ಪ್ರತಿಯೊಂದು ವಿವಾಹವೂ ಲೀಲೆ. ಮಿತ್ರವಿಂದೆ ಮೊದಲಿನಿಂದಲೂ ಅವನವಳೇ. ಗಂಡನ ದ್ರೋಹವಾಗಬಹುದಾಗಿದ್ದುದು ವಿಧಿಯ ಸಂಕಲ್ಪವಾಗುತ್ತದೆ, ಹೆಂಡತಿಯ ನ್ಯಾಯವಾದ ಸಿಟ್ಟು ತಾತ್ಕಾಲಿಕ ಅಜ್ಞಾನವಾಗುತ್ತದೆ. ನಗೆ ಉಳಿಯುತ್ತದೆ, ನಗೆಯೊಳಗಿನ ಮೊನೆ ಮೊಂಡಾಗುತ್ತದೆ.

ಇದಕ್ಕೆ ಮತಧರ್ಮದ ಕಾರಣ ಮಾತ್ರ ಸಾಕೆನ್ನುವಂತಿಲ್ಲ. ಅರಮನೆಯ ಕವಿಯೊಬ್ಬ ಅರಸನ ಮುಂದೆ, ಅಂತಃಪುರದ ರಾಣಿಯರ ಕಿವಿಗೂ ಬೀಳುವಂತೆ, ರಾಜನೊಬ್ಬನ ಕಳ್ಳಪ್ರೇಮದ ಹಾಸ್ಯವನ್ನು ಹೇಳಬೇಕಾದರೆ ಆ ರಾಜ ದೇವರಾಗಿರುವುದು ಕ್ಷೇಮ. ಮೈಸೂರು ಒಡೆಯರು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದವರು. ಚಿಕ್ಕದೇವರಾಜನನ್ನು ಕೃಷ್ಣನಿಗೆ ಹೋಲಿಸುವುದು ಆಸ್ಥಾನ ಕಾವ್ಯದ ವಾಡಿಕೆ. ದ್ವಾರಕೆಯ ಅಂತಃಪುರ ಶ್ರೀರಂಗಪಟ್ಟಣದ ಅಂತಃಪುರವೂ ಆಗಿ ಕೇಳುಗರಿಗೆ ಕಾಣದಿರಲು ಸಾಧ್ಯವಿರಲಿಲ್ಲ. ಇನ್ನೂ ಒಂದು ಮಾತು. 'ರತ್ನಾವಳಿ'ಯಲ್ಲಿ ಪ್ರೇಮದ ಗೊಂದಲಗಳ ಹಿಂದೆ ಸೂತ್ರ ಹಿಡಿದವನು ಮಂತ್ರಿ. ಗಂಡಹೆಂಡಿರ ನಡುವೆ ನಡೆಯುವುದೆಲ್ಲ ಕೊನೆಗೆ ಸಾರ್ವಭೌಮತ್ವಕ್ಕಾಗಿ ಯೌಗಂಧರಾಯಣ ಹೂಡಿದ ತಂತ್ರವೆಂದು ತಿಳಿಯುತ್ತದೆ. ಪಾಳೆಯಗಾರರನ್ನೂ ನಾಯಕರನ್ನೂ ಗೆದ್ದು ರಾಜ್ಯವನ್ನು ಹಿಗ್ಗಿಸುತ್ತಿದ್ದ ಅರಸನ ಸಭೆಯಲ್ಲಿ, ಅವನ ಆಪ್ತಮಂತ್ರಿಯ ತಮ್ಮನೇ ಈ ಕತೆಯನ್ನು ಆಯ್ದುಕೊಂಡದ್ದು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಒಬ್ಬ ಹೆಂಗಸಿನ ಅಸಮಾಧಾನ ರಾಜ್ಯಹಿತದ ಮುಂದೆ ಸಣ್ಣದು ಎಂಬ ನಿಲುವು ಈ ಕಥಾವಸ್ತುವಿನ ಒಳಗೇ ಇದೆ.

ಭಾಷೆಯ ವಿಚಾರದಲ್ಲಿ ಮಾತ್ರ ಸಿಂಗರಾರ್ಯನ ಕೆಲಸಕ್ಕೆ, ಬಹುಶಃ ಅವನು ಉದ್ದೇಶಿಸದ, ಒಂದು ಫಲ ದೊರೆತಿದೆ. ಸಂಸ್ಕೃತ ನಾಟಕದಲ್ಲಿ ಅರಸ ಮಾತಾಡುವುದು ಸಂಸ್ಕೃತದಲ್ಲಿ. ರಾಣಿ, ದಾಸಿ, ವಿದೂಷಕರು ಮಾತಾಡುವುದು ಪ್ರಾಕೃತದಲ್ಲಿ. ಜಗಳವಾಡುವಾಗಲೂ ಗ��ಡಹೆಂಡಿರು ಎರಡು ಭಾಷೆಗಳಲ್ಲಿ ಜಗಳವಾಡುತ್ತಾರೆ. ಕನ್ನಡಕ್ಕೆ ಬಂದ ಕೂಡಲೇ ಇಬ್ಬರಿಗೂ ಒಂದೇ ನುಡಿ. ಅದು ಗದ್ಯಪದ್ಯಗಳು ಬೆರೆತ, ಓದಿಗೆ ಒಗ್ಗುವ, ಪ್ರೌಢ ಕನ್ನಡವೆಂಬುದು ನಿಜ. ರಂಗಕ್ಕೆ ಅದು ಭಾರವೆಂಬ ಆಕ್ಷೇಪಕ್ಕೂ ಅರ್ಥವಿದೆ. ಆದರೂ ರಾಣಿಯ ಮುನಿಸು ಅರಸನ ಸಮಜಾಯಿಷಿಯಷ್ಟೇ ತೂಕದ ಭಾಷೆಯಲ್ಲಿ ಬರಲು ಅವಕಾಶವಾದದ್ದು ಈ ರೂಪಾಂತರದಿಂದ. ಭಾಷೆ ಕೊಟ್ಟ ಆ ಸಮಾನತೆಯನ್ನು ಕತೆ ಹಿಂದಕ್ಕೆ ತೆಗೆದುಕೊಂಡಿತು.

ಹೊನ್ನಮ್ಮ ಮುಖ್ಯಳಾಗುವುದು ಇಲ್ಲಿಯೇ. ಅವಳು ಯಳಂದೂರಿನವಳು. ಚಿಕ್ಕದೇವರಾಜನ ಪಟ್ಟದ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನ ಅರಸುಮನೆತನದ ಹೆಣ್ಣು. ರಾಣಿಯ ಸಂಚಿಯನ್ನು, ಎಂದರೆ ಎಲೆಯಡಿಕೆಯ ಚೀಲವನ್ನು, ಹಿಡಿದು ನಡೆಯುವ ಊಳಿಗ ಹೊನ್ನಮ್ಮನದು. ಅವಳ ಕವಿತಾಶಕ್ತಿಯನ್ನು ರಾಣಿ ಗುರುತಿಸಿದ್ದಳು. ರಾಣಿಯ ಪ್ರೋತ್ಸಾಹದಿಂದಲೇ 'ಹದಿಬದೆಯ ಧರ್ಮ' ಸಾಂಗತ್ಯದಲ್ಲಿ ಒಂಬತ್ತು ಸಂಧಿಗಳ ಕೃತಿಯಾಗಿ ಹುಟ್ಟಿತು. ಗುರುವೆಂದು ಅವಳು ನೆನೆಯುವುದು ಅಳಸಿಂಗರಾರ್ಯನನ್ನು. ತಂದೆಮಕ್ಕಳಿಬ್ಬರಿಗೂ ಸಲ್ಲಬಹುದಾದ ಹೆಸರು ಇದಾದರೂ ಸಾಹಿತ್ಯ ಚರಿತ್ರಕಾರರು ಈ ಗುರುವನ್ನು 'ಮಿತ್ರವಿಂದಾಗೋವಿಂದ'ದ ಕರ್ತೃವೆಂದೇ ಗುರುತಿಸುತ್ತ ಬಂದಿದ್ದಾರೆ. ಇದನ್ನು ಒಪ್ಪುವುದಾದರೆ ಸಿಂಗರಾರ್ಯನ ಜೀವನದಲ್ಲಿ ಅವನ ನಾಟಕದಷ್ಟೇ ತೂಕದ ಮತ್ತೊಂದು ಸಂಗತಿ ನಮೂದಾಗುತ್ತದೆ: ಊಳಿಗದ ಹೆಣ್ಣೊಬ್ಬಳಿಗೆ ಪ್ರಧಾನಿಯ ಮನೆಯ ವಿದ್ವಾಂಸನೊಬ್ಬ ಅಕ್ಷರವನ್ನೂ ಕಾವ್ಯವನ್ನೂ ಕಲಿಸಿದ್ದು.

ಎರಡು ಕೃತಿಗಳೂ ಒಂದೇ ಅರಮನೆಯವು, ಒಂದೇ ತಲೆಮಾರಿನವು, ಎರಡರ ವಸ್ತುವೂ ದಾಂಪತ್ಯ. ಒಂದು ಗಂಡನ ಚಂಚಲತೆಯನ್ನು ನಗೆಯಾಗಿಸಿ ಮಂಗಳಕ್ಕೆ ಮುಟ್ಟಿಸುತ್ತದೆ. ಇನ್ನೊಂದು ಹೆಂಡತಿಯ ನಿಷ್ಠೆಯನ್ನು ಧರ್ಮವಾಗಿಸಿ ಸಂಧಿ ಸಂಧಿಯಾಗಿ ವಿಧಿಸುತ್ತದೆ. ಗಂಡನಿಗೆ ವಿನಾಯಿತಿ, ಹೆಂಡತಿಗೆ ಕಟ್ಟಳೆ. ಮೇಲುನೋಟಕ್ಕೆ ಗುರುಶಿಷ್ಯರು ಒಂದೇ ವ್ಯವಸ್ಥೆಯ ಎರಡು ಮುಖಗಳನ್ನು ಬರೆದರು. 'ಹದಿಬದೆಯ ಧರ್ಮ'ವನ್ನು ಪುರುಷಪ್ರಧಾನ ಮೌಲ್ಯಗಳ ಕೈಪಿಡಿಯೆಂದು ಓದಿದ ವಿಮರ್ಶೆಗೆ ಆಧಾರವಿಲ್ಲದೆ ಇಲ್ಲ. ಆದರೆ ಆ ಕೃತಿಯೊಳಗೆ ಒಂದು ಬಿರುಕಿದೆ. ಹೆತ್ತವಳೂ ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವವರಿಗೆ ಕಣ್ಣಿಲ್ಲವೇ ಎಂಬ ಅರ್ಥದ ಮಾತನ್ನು ಹೊನ್ನಮ್ಮ ಎತ್ತುತ್ತಾಳೆ. ಮಗ ಮಗಳೆಂಬ ಭೇದವನ್ನು ಪ್ರಶ್ನಿಸುತ್ತಾಳೆ. ವಿಧಿನಿಷೇಧಗಳನ್ನು ಹೇಳಲೆಂದು ಹೊರಟ ಕಾವ್ಯದಲ್ಲಿ ಈ ಅಸಮಾಧಾನ ವಿಷಯಾಂತರದಂತೆ ಬಂದರೂ ಕನ್ನಡ ಓದುಗವರ್ಗ ಮೂರು ಶತಮಾನಗಳ ಬಳಿಕ ಉಳಿಸಿಕೊಂಡಿರುವುದು ಅದನ್ನೇ.

ಅಸಮಾಧಾನವನ್ನೇ ವಸ್ತುವಾಗಿ ಉಳ್ಳ ನಾಟಕದಲ್ಲಿ ಅದು ಕರಗಿಹೋಗಿ, ಸಮಾಧಾನವನ್ನೇ ಬೋಧಿಸುವ ಧರ್ಮಕಾವ್ಯದಲ್ಲಿ ಅದು ಉಳಿದುಕೊಂಡದ್ದು ವಿಚಿತ್ರವಾದರೂ ವಿವರಣೆಗೆ ನಿಲುಕದ್ದಲ್ಲ. ರುಕ್ಮಿಣಿಯ ಮುನಿಸನ್ನು ಬರೆದವನಿಗೆ ಅದು ಪ್ರಕಾರದ ಬೇಡಿಕೆ. ನಾಟಿಕೆಗೆ ಮುನಿದ ರಾಣಿ ಬೇಕು, ಮುನಿಸು ಇಳಿಯಲೂ ಬೇಕು. ಹೊನ್ನಮ್ಮನಿಗೆ ಅಂಥ ಬೇಡಿಕೆಯಿರಲಿಲ್ಲ. ಅವಳು ಅಂತಃಪುರವನ್ನು ನೋಡಿದ್ದು ರಾಣಿಯ ಹಿಂದೆ ಸಂಚಿ ಹಿಡಿದು ನಿಂತು. ಸಾಗರಿಕೆ ನಿಂತದ್ದೂ ಅಂಥದೇ ಜಾಗದಲ್ಲಿ. ವ್ಯತ್ಯಾಸವೆಂದರೆ ಸಾಗರಿಕೆ ವೇಷ ಮರೆಸಿಕೊಂಡ ರಾಜಕುಮಾರಿ, ಕತೆ ಮುಗಿಯುವುದರೊಳಗೆ ರಾಣಿಯಾಗುತ್ತಾಳೆ. ಗುರುವಿನ ಶ್ರೇಯಸ್ಸಿಗೆ ಒಂದು ಮಾತು ಸಲ್ಲಬೇಕು. ತಾನು ನಾಟಕದಲ್ಲಿ ಹೇಳದ, ಹೇಳಲಾಗದ ಮಾತನ್ನು ಶಿಷ್ಯೆ ಕಾವ್ಯದಲ್ಲಿ ಹೇಳಿದಾಗ ಆ ಮಾತು ಅರಮನೆಯಲ್ಲಿ ಅಳಿಯದೆ ಉಳಿಯಿತು. ವಿದ್ಯೆ ಕಲಿಸಿದವನ ಬೆಂಬಲವೂ ರಾಣಿಯ ಆಸರೆಯೂ ಇಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲವೆಂದು ಊಹಿಸಬಹುದು.

ಅರಮನೆಯ ಹೊರಗೆ ಇದೇ ವಸ್ತುವಿಗೆ ಬೇರೆ ಗತಿಯಿತ್ತು. ಕೃಷ್ಣನ ಸಂಸಾರದ ಜಗಳ ದಕ್ಷಿಣದ ರಂಗಭೂಮಿಗೆ ಬಹಳ ಪ್ರಿಯವಾದದ್ದು. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನ 'ಪಾರಿಜಾತಾಪಹರಣ'ದಲ್ಲಿ ಕಾಲಿಗೆರಗಿದ ಕೃಷ್ಣನನ್ನು ಸತ್ಯಭಾಮೆ ಒದೆಯುವಷ್ಟು ದೂರ ಹೋಗಿದ್ದಳು. ಹದಿನೇಳನೆಯ ಶತಮಾನದವನೆಂದು ಪರಂಪರೆ ಹೇಳುವ ಸಿದ್ಧೇಂದ್ರ ಯೋಗಿಯ 'ಭಾಮಾಕಲಾಪ' ಕೂಚಿಪೂಡಿಯಲ್ಲಿ ಅವಳ ಸಿಟ್ಟಿಗೆ ಇಡೀ ರಾತ್ರಿಯ ರಂಗವನ್ನೇ ಬಿಟ್ಟುಕೊಟ್ಟಿತು. ಉತ್ತರ ಕರ್ನಾಟಕದಲ್ಲಿ ಅಪರಾಳ ತಮ್ಮಣ್ಣನಿಂದ ಮೊದಲಾಗಿ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ 'ಶ್ರೀಕೃಷ್ಣ ಪಾರಿಜಾತ' ಒಂದು ಹೂವಿನ ನೆಪದಲ್ಲಿ ಸವತಿಯರ ಜಗಳವನ್ನು ಆಡುಮಾತಿನಲ್ಲಿ, ಹಾಡಿನಲ್ಲಿ, ಗೇಲಿಯಲ್ಲಿ ಬಿಚ್ಚಿಟ್ಟಿತು. ಸಿಂಗರಾರ್ಯ ಸತ್ಯಭಾಮೆಯನ್ನು ಬಿಟ್ಟು ರುಕ್ಮಿಣಿಯನ್ನು ಹಿರಿಯ ರಾಣಿಯಾಗಿ ಆರಿಸಿಕೊಂಡದ್ದರಲ್ಲಿಯೇ ಅವನ ಮನೋಧರ್ಮ ತಿಳಿಯುತ್ತದೆ. ಸತ್ಯಭಾಮೆ ಬಂದಿದ್ದರೆ ನಾಟಕ ಅಷ್ಟು ಸುಲಭವಾಗಿ ಮಂಗಳ ಹಾಡುತ್ತಿರಲಿಲ್ಲ.

ಚಿಕ್ಕದೇವರಾಜ ಬೆಂಗಳೂರನ್ನು ಕೊಂಡರೂ ಅದರ ಉತ್ತರಕ್ಕೂ ಪೂರ್ವಕ್ಕೂ ಇರುವ ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರದ ಪರಗಣಗಳು ಮೊಗಲರ ಸಿರಾ ಸುಭಾಕ್ಕೆ ಸೇರಿದವು. ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವಲ್ಲಿ ಸಿಗುವ ಜಂಗಮಕೋಟೆಯಂಥ ಊರುಗಳ ಸೀಮೆ ಇದು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಪ್ರದೇಶ. ಮೂಡಲಪಾಯದ ಬಯಲಾಟಕ್ಕೆ ಈ ಭಾಗದಲ್ಲಿ ಕೇಳಿಕೆಯೆಂಬ ಹೆಸರು. ಭಾಗವತನ ಹಾಡು, ಹಾಡಿನ ನಡುವೆ ಮಾತು, ಅರಸು ಪಾತ್ರಗಳ ಗಾಂಭೀರ್ಯವನ್ನು ಅಡಿಗಡಿಗೂ ಕೆಡಿಸುವ ಹಾಸ್ಯಗಾರ, ಹೆಣ್ಣುವೇಷದ ಗಂಡಸರು ಎಂಬ ಅದರ ಏರ್ಪಾಟಿನಲ್ಲಿ ಮಹಾರಾಣಿಯ ಸಿಟ್ಟು ಊರಿನ ಹೆಂಗಸಿನ ಸಿಟ್ಟಾಗಿ ಮಾರ್ಪಡಲು ತಡವಾಗುವುದಿಲ್ಲ. ವಿದೂಷಕ ವಸಂತಕನಿಗೂ ಕೇಳಿಕೆಯ ಹಾಸ್ಯಗಾರನಿಗೂ ಬಂಧುತ್ವವಿದೆ. ಮೈಸೂರಿನ ಅರಮನೆಯ ನಾಟಕ ಈ ಬಂಧುವನ್ನು ಕಾಣಲಿಲ್ಲ. ಶಿಷ್ಟ ರಂಗವೂ ಜನಪದ ರಂಗವೂ ಬೇರೆಬೇರೆಯಾಗಿಯೇ ಉಳಿದದ್ದು ಸಿಂಗರಾರ್ಯನ ಒಬ್ಬನ ದೋಷವೇನಲ್ಲ, ಆದರೂ ಅವನ ನಾಟಕಕ್ಕೆ ಸಂತಾನವಿಲ್ಲದೆ ಹೋದುದಕ್ಕೆ ಇದು ಮುಖ್ಯ ಕಾರಣ.

ಚಿಕ್ಕದೇವರಾಜನ ಬಳಿಕ 1704ರಲ್ಲಿ ಪಟ್ಟಕ್ಕೆ ಬಂದವನು ಅವನ ಮಗ, ಮೂಕರಸನೆಂದು ಪ್ರಸಿದ್ಧನಾದ ಇಮ್ಮಡಿ ಕಂಠೀರವ ನರಸರಾಜ. ತಿರುಮಲಾರ್ಯ 1706ರಲ್ಲಿ ತೀರಿಕೊಂಡನು. ಹೊಸ ಅರಸನ ಹೆಸರಿನಲ್ಲಿ ಹಲವು ಭಾಷೆಗಳ, ಕನ್ನಡ ಲಿಪಿಯಲ್ಲಿ ಬರೆದ, ಹದಿನಾಲ್ಕು ಯಕ್ಷಗಾನಗಳಿವೆ. ಮೈಸೂರಿನ ಅರಮನೆ ಒಂದೇ ತಲೆಮಾರಿನೊಳಗೆ ಸಂಸ್ಕೃತ ಮಾದರಿಯ ನಾಟಕವನ್ನು ಬಿಟ್ಟು ಹಾಡುವ ನಾಟಕಕ್ಕೆ ಹೊರಳಿತು. ಮೂಕರಸನ ಕಾಲಕ್ಕೆ ಸಲ್ಲುವ ಈ ಯಕ್ಷಗಾನಗಳು ಸಿಂಗರಾರ್ಯನ ನಾಟಕ ಪ್ರಯೋಗಕ್ಕೆ ಬಂದ ಮೊದಲ ಉತ್ತರವೆನ್ನಬಹುದು.

ಮತ್ತೆ ನಾಟಕ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಚಾಮರಾಜೇಂದ್ರ ಒಡೆಯರ ಅರಮನೆಯ ನಾಟಕ ಕಂಪನಿಯೊಂದಿಗೆ. ಬಸವಪ್ಪಶಾಸ್ತ್ರಿಗಳು (1843-1891) ಶಾಕುಂತಲದ ಜೊತೆಗೆ 'ರತ್ನಾವಳಿ'ಯನ್ನೂ ಕನ್ನಡಕ್ಕೆ ತಂದರು. ಅದೇ ರಾಜಮನೆತನದ ಆಶ್ರಯದಲ್ಲಿ ಎರಡು ಶತಮಾನಗಳ ಹಿಂದೆ ಕನ್ನಡವಾಗಿದ್ದ ಕತೆ ಎರಡನೆಯ ಸಲ ಕನ್ನಡವಾಯಿತು. ಈ ಬಾರಿ ಉದಯನ ಉದಯನನಾಗಿಯೇ, ವಾಸವದತ್ತೆ ವಾಸವದತ್ತೆಯಾಗಿಯೇ ಬಂದರು. ಶಾಸ್ತ್ರಿಗಳು ಹೋದದ್ದು ನೇರವಾಗಿ ಹರ್ಷನ ಬಳಿಗೆ. ಅಷ್ಟರಲ್ಲಿ ಮದುವೆಯ ಹಾಸ್ಯಕ್ಕೆ ಮೈಸೂರಿನಿಂದ ದೂರದಲ್ಲಿ ಬೇರೊಂದು ಮನೆ ಸಿಕ್ಕಿತ್ತು. 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಹೊರಬಂದಿತು. ಅಲ್ಲಿ ಅಂತಃಪುರವಿಲ್ಲ, ರತ್ನಮಾಲೆಯಿಲ್ಲ, ಸಾರ್ವಭೌಮತ್ವದ ಭವಿಷ್ಯವಿಲ್ಲ. ಹಣಕ್ಕೆ ಹೆಣ್ಣು ಮಾರುವವರು ಮತ್ತು ಕೊಳ್ಳುವವರು ಹವ್ಯಕರ ಮನೆಮಾತಿನಲ್ಲಿ ವ್ಯವಹಾರ ಕುದುರಿಸುತ್ತಾರೆ.